ಉಳಿದ ಡಾಲರು ಬೀರುವಿನಲ್ಲಿ ಬೇಡ

ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ಮಕ್ಕಳೇ,

ನಮ್ಮ ಕಾಲದಲ್ಲಿ ಓಣಿಯಲ್ಲಿ ಒಬ್ಬರು ವಿಮಾನ ಹತ್ತಿದರೆ ವಾರಗಟ್ಟಲೆ ಅದೇ ಮಾತು. ಈಗ ಹಾಗಿಲ್ಲ. ಕೌಲ್ ಬಜಾರಿನಿಂದ ದುಬೈ, ರಿಯಾದಿಗೆ ದುಡಿಯಲು ಹೋದ ಹುಡುಗರಿದ್ದಾರೆ, ಉಮ್ರಾ ಮುಗಿಸಿ ಬಂದ ಹಿರಿಯರಿದ್ದಾರೆ. ವಿಮ್ಸ್‌ನಲ್ಲಿ ಓದಿ ಇಂಗ್ಲೆಂಡಿನ ಆಸ್ಪತ್ರೆ ಸೇರಿದ ಡಾಕ್ಟರುಗಳಿದ್ದಾರೆ. ಜೀನ್ಸ್ ಹೊಲಿಸುವವರು ಯಂತ್ರ ನೋಡಲು ಚೀನಾಕ್ಕೆ ಹೋಗುತ್ತಾರೆ. ಸಿರುಗುಪ್ಪದ ಅಕ್ಕಿ ಗಿರಣಿಯವರು ಸುಗ್ಗಿ ಮುಗಿದ ಮೇಲೆ ಸಂಸಾರ ಸಮೇತ ಸಿಂಗಪುರ, ಥಾಯ್ಲೆಂಡ್ ಸುತ್ತಿ ಬರುತ್ತಾರೆ. ಕುರುಗೋಡಿನ ತಾಯಂದಿರು ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿ ಆರು ತಿಂಗಳಿದ್ದು ಬರುತ್ತಾರೆ. ಇದನ್ನೆಲ್ಲ ನೋಡಿ ನನಗೆ ಹೆಮ್ಮೆಯೇ.

ಹೋದವರು ಬರುವಾಗ ಪರ್ಸಿನ ಒಳಮಡಿಕೆಯಲ್ಲಿ ಒಂದೆರಡು ನೂರರ ಡಾಲರು, ಇಲ್ಲವೆ ಒಂದಷ್ಟು ದಿರ್ಹಮ್, ಪೌಂಡು, ಬಾತ್ ಉಳಿದಿರುತ್ತವೆ. ಬೆಂಗಳೂರಿನಲ್ಲಿಳಿದು ಹಂಪಿ ಎಕ್ಸ್‌ಪ್ರೆಸ್ ಹಿಡಿಯುವ ಗಡಿಬಿಡಿಯಲ್ಲಿ ಅವು ಯಾರಿಗೂ ನೆನಪಾಗುವುದಿಲ್ಲ. ಮನೆಗೆ ಬಂದಮೇಲೆ ಪಾಸ್‌ಪೋರ್ಟಿನ ಜೊತೆಗೇ ಬೀರು ಸೇರುತ್ತವೆ. ಕೇಳಿದರೆ, "ಇರ್ಲಿ ಬಿಡ್ರೀ, ಮತ್ತೊಮ್ಮೆ ಹೋಗೋದು ಐತಲ್ಲ" ಅನ್ನುತ್ತೀರಿ. ಬ್ಯಾಂಕಿನ ಕೌಂಟರಿನಲ್ಲಿ ಕೂತೇ ತಲೆ ನೆರೆತವನು ನಾನು. ವಿದೇಶಿ ವಿನಿಮಯದ ಮೇಜನ್ನೂ ಬಹಳ ಕಾಲ ನೋಡಿಕೊಂಡಿದ್ದೇನೆ. ಹಾಗೆ ಇಟ್ಟ ನೋಟು ಮತ್ತೆ ಪ್ರಯಾಣ ಹೊರಟದ್ದನ್ನು ಕಂಡದ್ದು ಕಡಿಮೆ, ಬೀರುವಿನಲ್ಲೇ ಹಳತಾದದ್ದನ್ನು ಕಂಡದ್ದೇ ಹೆಚ್ಚು. ಅದಕ್ಕೇ ಹೇಳುತ್ತಿದ್ದೇನೆ: ಊರಿಗೆ ಬಂದ ತಿಂಗಳೊಳಗೆ ಅದನ್ನು ರೂಪಾಯಿ ಮಾಡಿಕೊಳ್ಳಿ, ರಸೀದಿ ಇಸಕೊಳ್ಳಿ.

ಕಾನೂನಿನ ಮಾತು ಮೊದಲು. ಈ ವಿಷಯದಲ್ಲಿ ನಮ್ಮ ಕಡೆ ಎರಡು ತಪ್ಪು ತಿಳಿವಳಿಕೆ ಇವೆ. ಹಳಬರು, ಮನೆಯಲ್ಲಿ ಒಂದು ಡಾಲರು ಸಿಕ್ಕರೂ ಜೈಲು ಅನ್ನುತ್ತಾರೆ. ಅದು 1973ರ ಫೆರಾ ಎಂಬ ವಿದೇಶಿ ವಿನಿಮಯ ಕಾಯ್ದೆ ಹುಟ್ಟಿಸಿದ ಭಯ. 2000ದ ಜೂನ್ 1ರಿಂದ ಫೆರಾ ಹೋಗಿ ಫೆಮಾ ಬಂದಿದೆ, ಭಯದ ಬಿಗಿಯೂ ಸಡಿಲಿದೆ. ಹೊಸಬರು, ನಮ್ಮ ದುಡ್ಡು ನಮ್ಮ ಮನೆಯಲ್ಲಿದ್ದರೆ ಯಾರಪ್ಪನ ಅಪ್ಪಣೆ ಬೇಕು ಅನ್ನುತ್ತಾರೆ. ಅದೂ ಸರಿಯಲ್ಲ. ರಿಸರ್ವ್ ಬ್ಯಾಂಕಿನ ನಿಯಮ ಹೀಗಿದೆ. ಪ್ರಯಾಣ ಮುಗಿಸಿ ಬಂದವರು ಖರ್ಚಾಗದೆ ಉಳಿದ ವಿದೇಶಿ ನೋಟು, ಟ್ರಾವೆಲರ್ಸ್ ಚೆಕ್ಕುಗಳನ್ನು 180 ದಿನಗಳೊಳಗೆ ಬ್ಯಾಂಕಿಗೋ ಪರವಾನಗಿ ಇರುವ ಮನಿ ಚೇಂಜರಿಗೋ ಒಪ್ಪಿಸಬೇಕು. ಅದರಲ್ಲಿ ಎಲ್ಲ ದೇಶದ ನೋಟೂ ಸೇರಿ 2,000 ಅಮೆರಿಕನ್ ಡಾಲರಿನಷ್ಟು ಬೆಲೆಯದನ್ನು ಮುಂದಿನ ಪ್ರಯಾಣಕ್ಕೆಂದು ಇಟ್ಟುಕೊಳ್ಳಬಹುದು. ನಾಣ್ಯಕ್ಕೆ ಮಿತಿ ಇಲ್ಲ. ಮಿತಿ ಮೀರಿ ಇಟ್ಟುಕೊಂಡು ಸಿಕ್ಕಿಬಿದ್ದರೆ ಆ ಮೊತ್ತದ ಮೂರು ಪಟ್ಟಿನವರೆಗೆ ದಂಡ ಹಾಕುವ ಅಧಿಕಾರ ಫೆಮಾದಲ್ಲಿದೆ. ಇನ್ನೊಂದು, ವಿಮಾನ ಇಳಿಯುವಾಗ ಕೈಯಲ್ಲಿರುವ ನೋಟು 5,000 ಡಾಲರು ದಾಟಿದ್ದರೆ, ಅಥವಾ ನೋಟು, ಟ್ರಾವೆಲರ್ಸ್ ಚೆಕ್ಕು ಎಲ್ಲ ಸೇರಿ 10,000 ದಾಟಿದ್ದರೆ, ಕಸ್ಟಮ್ಸ್‌ನವರಿಗೆ ಬರೆದುಕೊಡಬೇಕು.

ಪ್ರವಾಸ ಹೋಗಿಬಂದವರ ಹತ್ತಿರ ಸಾಮಾನ್ಯವಾಗಿ ಇನ್ನೂರೋ ಮುನ್ನೂರೋ ಡಾಲರು ಉಳಿದಿರುತ್ತದೆ. ಅದು ಮಿತಿಯೊಳಗಿನದು. ಹಾಗಾಗಿ ಅವರು ಹೆದರಬೇಕಾದದ್ದು ಕಾನೂನಿಗಲ್ಲ. ದುಡ್ಡು ಕಣ್ಣೆದುರೇ ಇದ್ದೂ ಕೈಗೆ ಬರದಂತಾಗುವುದಕ್ಕೆ ಹೆದರಬೇಕು.

"ಡಾಲರು ಏರ್ತಾನೇ ಇರ್ತೈತೆ ಸಾರ್, ಇಟ್ಕೊಂಡ್ರೆ ಲಾಭ" ಎಂದು ವಾದಿಸಿದ ಎಷ್ಟೋ ಜನ ನನ್ನ ಮೇಜಿನ ಮುಂದೆ ಕೂತು ಹೋಗಿದ್ದಾರೆ. ಏರುತ್ತದೆ ಎಂಬುದು ನಿಜ, ನಾನು ಅಲ್ಲಗಳೆಯುವುದಿಲ್ಲ. ಆದರೆ ಕೂತು ಲೆಕ್ಕ ಹಾಕಿ. 2013ರ ಕೊನೆಗೆ ಒಂದು ಡಾಲರಿಗೆ 62 ರೂಪಾಯಿಯ ಆಸುಪಾಸು ಇತ್ತು. 2023ರ ಕೊನೆಗೆ 83ರ ಆಸುಪಾಸು. ಬೀರುವಿನಲ್ಲಿಟ್ಟ ನೂರು ಡಾಲರು 6,200 ರೂಪಾಯಿ ಇದ್ದದ್ದು ಹತ್ತು ವರ್ಷಕ್ಕೆ 8,300 ಆಯಿತು. ವರ್ಷಕ್ಕೆ ಶೇಕಡ ಮೂರೂ ಬೀಳಲಿಲ್ಲ. ಅದೇ 6,200 ರೂಪಾಯಿಯನ್ನು ಶೇಕಡ ಏಳರ ಬಡ್ಡಿಗೆ ಠೇವಣಿ ಇಟ್ಟಿದ್ದರೆ 12,000 ದಾಟುತ್ತಿತ್ತು. ಬಡ್ಡಿಯ ಮೇಲಿನ ತೆರಿಗೆ ಕಳೆದರೂ ಬೀರುವಿನ ನೋಟು ಹಿಂದೆಯೇ ಉಳಿಯುತ್ತದೆ. ಮೇಲಾಗಿ 83 ಎಂಬುದು ಪೇಪರಿನಲ್ಲಿ ಬರುವ ದರ. ಕೌಂಟರಿನಲ್ಲಿ ನಿಮ್ಮ ನೋಟು ಕೊಳ್ಳುವ ದರ ಅದಕ್ಕಿಂತ ಕಡಿಮೆ.

ಇದು ಡಾಲರಿನ ಮಾತಾಯಿತು. ಬೇರೆ ದೇಶದ ನೋಟಾದರೆ ಏರುವ ಭರವಸೆಯೂ ಇಲ್ಲ. 2022ರ ಮಾರ್ಚ್ ಮೊದಲಿಗೆ ಒಂದು ಡಾಲರಿಗೆ ಇನ್ನೂರು ಶ್ರೀಲಂಕಾ ರೂಪಾಯಿ ಇತ್ತು. ಮೇ ಹೊತ್ತಿಗೆ 360ರ ಸಮೀಪ ಹೋಯಿತು. ಕೊಲಂಬೊ ನೋಡಿಬಂದು ಅಲ್ಲಿನ ದುಡ್ಡು ಹಾಗೇ ಇಟ್ಟುಕೊಂಡವರ ಪಾಲಿಗೆ ಎರಡೇ ತಿಂಗಳಲ್ಲಿ ಹತ್ತಿರ ಹತ್ತಿರ ಅರ್ಧ ಬೆಲೆ ಕರಗಿತು. ಟರ್ಕಿಯ ಲಿರಾ 2018ರ ಆರಂಭದಲ್ಲಿ ಡಾಲರಿಗೆ ನಾಲ್ಕರೊಳಗೆ ಇದ್ದದ್ದು 2023 ಮುಗಿಯುವ ಹೊತ್ತಿಗೆ 29 ದಾಟಿತ್ತು.

ಬೆಲೆ ಇಳಿಯುವುದಾದರೂ ಒಂದು ಥರ. ನೋಟೇ ಸತ್ತುಹೋಗುವುದು ಇನ್ನೊಂದು ಥರ, ಅದನ್ನು ನಮಗಿಂತ ಚೆನ್ನಾಗಿ ಬಲ್ಲವರು ಯಾರು? 2016ರ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟು ರದ್ದಾದಾಗ ಬಳ್ಳಾರಿಯ ಬ್ಯಾಂಕುಗಳ ಮುಂದೆ ನಿಂತ ಸಾಲನ್ನು ನಿಮ್ಮಲ್ಲಿ ಬಹಳ ಜನ ನೋಡಿದ್ದೀರಿ. ಊರಲ್ಲಿದ್ದ ನಾವು ಹೇಗೋ ಕಟ್ಟಿದೆವು. ಹೊರದೇಶದಲ್ಲಿದ್ದ ನಮ್ಮವರ ಕಷ್ಟ ಯಾರ ಕಣ್ಣಿಗೂ ಬೀಳಲಿಲ್ಲ. ರಜೆಗೆ ಬಂದಾಗ ಬೇಕಾಗುತ್ತದೆಂದು ಅವರು ಪರ್ಸಿನಲ್ಲಿ ನಮ್ಮ ನೋಟು ಇಟ್ಟುಕೊಂಡಿದ್ದರು. ಆಗ ಹೊರಗಿದ್ದ ಇಲ್ಲಿನ ನಿವಾಸಿಗಳಿಗೆ 2017ರ ಮಾರ್ಚ್ 31ರವರೆಗೆ, ಅನಿವಾಸಿಗಳಿಗೆ ಜೂನ್ 30ರವರೆಗೆ ಸಮಯ ಕೊಟ್ಟರು. ಕೊಟ್ಟದ್ದು ಎಲ್ಲಿ? ರಿಸರ್ವ್ ಬ್ಯಾಂಕಿನ ಮುಂಬೈ, ದೆಹಲಿ, ಕೋಲ್ಕತ್ತ, ಚೆನ್ನೈ, ನಾಗಪುರ ಕಚೇರಿಗಳಲ್ಲಿ ಮಾತ್ರ. ಬೆಂಗಳೂರು ಆ ಪಟ್ಟಿಯಲ್ಲಿರಲಿಲ್ಲ. ರಜೆ ಹಾಕಿ, ವಿಮಾನದ ಖರ್ಚು ಹಾಕಿ, ಮತ್ತೆ ಚೆನ್ನೈಗೆ ಹೋಗಿ ಕೆಲವು ಸಾವಿರ ರೂಪಾಯಿ ಬದಲಿಸುವವರು ಯಾರು? ಅವರ ಪರ್ಸಿನಲ್ಲಿ ನಮ್ಮ ನೋಟಿಗಾದದ್ದೇ ನಮ್ಮ ಬೀರುವಿನಲ್ಲಿ ಪರದೇಶದ ನೋಟಿಗೂ ಆಗುತ್ತದೆ.

ಆಗಿಯೂ ಇದೆ. ಇಂಗ್ಲೆಂಡಿನಲ್ಲಿ ಐದು ಪೌಂಡಿನ ಕಾಗದದ ನೋಟು 2017ರ ಮೇ 5ಕ್ಕೆ ಚಲಾವಣೆ ಕಳೆದುಕೊಂಡಿತು, ಹತ್ತರದ್ದು 2018ರ ಮಾರ್ಚ್ 1ಕ್ಕೆ, ಇಪ್ಪತ್ತು ಮತ್ತು ಐವತ್ತರದ್ದು 2022ರ ಸೆಪ್ಟೆಂಬರ್ 30ಕ್ಕೆ. ಈಗ ಅಲ್ಲಿ ಪ್ಲಾಸ್ಟಿಕ್ ನೋಟು. ಬ್ಯಾಂಕ್ ಆಫ್ ಇಂಗ್ಲೆಂಡ್ ಹಳೆಯದನ್ನು ಎಂದಾದರೂ ಬದಲಿಸಿಕೊಡುತ್ತೇನೆ ಎನ್ನುತ್ತದೆ, ಅದು ದೊಡ್ಡ ಮಾತು. ಆದರೆ ಆ ಕೌಂಟರು ಇರುವುದು ಲಂಡನ್ನಿನ ತ್ರೆಡ್‌ನೀಡಲ್ ಬೀದಿಯಲ್ಲಿ. ಕುರುಗೋಡಿನಿಂದ ಎರಡು ಹಳೆ ನೋಟು ಹಿಡಿದು ಯಾರು ಹೋಗುತ್ತಾರೆ? ಸ್ವಿಟ್ಜರ್ಲೆಂಡ್ ಹಳೆ ಸರಣಿಯ ನೋಟನ್ನು 2021ರ ಏಪ್ರಿಲ್ 30ಕ್ಕೆ ಹಿಂದಕ್ಕೆ ಪಡೆಯಿತು. ಫ್ರಾನ್ಸಿನ ಹಳೆ ಫ್ರಾಂಕ್ ನೋಟುಗಳಿಗೆ 2012ರ ಫೆಬ್ರವರಿ 17 ಕೊನೆಯ ದಿನವಾಗಿತ್ತು. ಅದಾದಮೇಲೆ ಅವು ಬರೀ ಚಿತ್ರ.

ಅಮೆರಿಕ ತನ್ನ ನೋಟನ್ನು ಹೀಗೆ ರದ್ದು ಮಾಡುವುದಿಲ್ಲ, ಹಳೆಯದೂ ಅಲ್ಲಿ ಕಾನೂನಿನಂತೆ ನಡೆಯುತ್ತದೆ. ಅದನ್ನೇ ನಂಬಿ ನಿಶ್ಚಿಂತೆಯಾಗಿರಬೇಡಿ. ನಮ್ಮ ಮನಿ ಚೇಂಜರುಗಳಿಗೆ ಬೇಕಾದದ್ದು 2013ರ ಅಕ್ಟೋಬರಿನಲ್ಲಿ ಬಂದ, ನೀಲಿ ಪಟ್ಟಿ ಇರುವ ನೂರರ ನೋಟು. 1996ಕ್ಕಿಂತ ಹಿಂದಿನ, ಸಣ್ಣ ಮುಖಚಿತ್ರದ ನೋಟು ಕೊಟ್ಟರೆ ಹೆಚ್ಚಿನವರು ತಲೆಯಾಡಿಸಿ ವಾಪಸು ಕೊಡುತ್ತಾರೆ, ತೆಗೆದುಕೊಂಡರೂ ದರ ಇಳಿಸುತ್ತಾರೆ.

ಯುದ್ಧ ಬಂದರಂತೂ ಕೇಳುವುದೇ ಬೇಡ. 1990ರ ಆಗಸ್ಟ್ 2ರಂದು ಇರಾಕ್ ಕುವೈತಿಗೆ ನುಗ್ಗಿತು. ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ಏರ್ ಇಂಡಿಯಾ ವಿಮಾನಗಳು ಕರೆತಂದವು, ಅವರಲ್ಲಿ ಕನ್ನಡಿಗರೂ ಇದ್ದರು. ಜಗತ್ತಿನಲ್ಲೇ ಗಟ್ಟಿ ಎನಿಸಿಕೊಂಡ ಕುವೈತಿ ದಿನಾರು ಆಗ ಕೈಯಲ್ಲಿದ್ದೂ ಇಲ್ಲದಂತಾಯಿತು. ವಿಮೋಚನೆಯಾದ ಮೇಲೆ 1991ರ ಮಾರ್ಚಿನಲ್ಲಿ ಕುವೈತ್ ಹೊಸ ನೋಟು ತಂದಿತು, ಸೆಪ್ಟೆಂಬರ್ ಕೊನೆಗೆ ಹಳೆಯವು ಮುಗಿದವು, ದೋಚಿಹೋದ ಸರಣಿಯ ನೋಟುಗಳಿಗಂತೂ ಬೆಲೆಯೇ ಸಿಗಲಿಲ್ಲ. ನಿಮ್ಮ ಕಣ್ಣೆದುರಿನದು ಬೇಕಾದರೆ 2022ರ ಫೆಬ್ರವರಿಯ ಉಕ್ರೇನ್ ಯುದ್ಧ ನೆನೆಸಿಕೊಳ್ಳಿ. ಖಾರ್ಕೀವಿನಲ್ಲಿ ಮೆಡಿಕಲ್ ಓದುತ್ತಿದ್ದ ನಮ್ಮ ರಾಜ್ಯದ ಮಕ್ಕಳು ಜೀವ ಕೈಯಲ್ಲಿ ಹಿಡಿದು ಗಡಿ ದಾಟಿದರು, ಆಪರೇಷನ್ ಗಂಗಾ ವಿಮಾನಗಳಲ್ಲಿ ಊರು ಸೇರಿದರು. ಪೋಲೆಂಡಿನ ವಿನಿಮಯ ಅಂಗಡಿಗಳೇ ಉಕ್ರೇನಿನ ಹ್ರಿವ್ನಿಯಾ ಬೇಡ ಎಂದವು. ಗಡಿಯ ಪಕ್ಕದ ದೇಶದಲ್ಲಿ ಓಡದ ನೋಟು ನಮ್ಮ ಕಡೆ ಓಡೀತೇ? ಜೀವ ಉಳಿದದ್ದೇ ದೊಡ್ಡದು, ನೋಟಿನ ಮಾತು ಅವರ್ಯಾರೂ ಆಡಲಿಲ್ಲ. ಹೊರಗೆ ಓದುತ್ತಿರುವ ಮಕ್ಕಳಿಗೆ ಮಾತ್ರ ಹೇಳಿಡುತ್ತೇನೆ: ಆ ದೇಶದ ನೋಟನ್ನು ತಿಂಗಳ ಖರ್ಚಿಗಿಂತ ಹೆಚ್ಚು ಕೋಣೆಯಲ್ಲಿಟ್ಟುಕೊಳ್ಳಬೇಡಿ.

ಪಕ್ಕದ ಹಂಪಿಯಲ್ಲಿ ವಿಜಯನಗರದ ವರಹ ನಾಣ್ಯ ನಡೆಯುತ್ತಿದ್ದ ಕಾಲ ಬೇರೆ. ಮೂರೂವರೆ ಗ್ರಾಮಿನಷ್ಟು ಚಿನ್ನ ಅದರೊಳಗೇ ಇತ್ತು, ಸಾಮ್ರಾಜ್ಯ ಬಿದ್ದರೂ ಚಿನ್ನ ಚಿನ್ನವಾಗಿಯೇ ಉಳಿಯಿತು. ಪರದೇಶದ ಕಾಗದದ ನೋಟಿಗೆ ಅದನ್ನು ಹೊರಡಿಸಿದ ಸರ್ಕಾರದ ಮಾತಷ್ಟೇ ಆಧಾರ, ಆ ಸರ್ಕಾರ ನಮ್ಮದಲ್ಲ.

ಇನ್ನು ನಮ್ಮ ಮನೆಗಳಲ್ಲೇ ಆಗುವ ಒಂದು ಅನಾಹುತ ಹೇಳುತ್ತೇನೆ. ದೀಪಾವಳಿಯ ಲಕ್ಷ್ಮೀ ಪೂಜೆಗೆ ಕಲಶದ ಮುಂದೆ ಬೆಳ್ಳಿ, ಬಂಗಾರ, ನೋಟಿನ ಕಂತೆ ಇಡುವ ಪದ್ಧತಿ ನಮ್ಮದು. ಅಲ್ಲಿ ಡಾಲರನ್ನೂ ಇಡುತ್ತಾರೆ. ಮಗ ದುಡಿದು ತಂದದ್ದು, ಇಡುವುದರಲ್ಲಿ ತಪ್ಪೇನಿಲ್ಲ. ಆದರೆ ಅರಿಶಿನ ಕುಂಕುಮ ಏರಿಸುವಾಗ ಅದು ನೋಟಿನ ಮೇಲೂ ಬೀಳುತ್ತದೆ. ಒಮ್ಮೆ ನನ್ನ ಮೇಜಿಗೆ ಬಂದ ನೂರು ಡಾಲರಿನ ನೋಟೊಂದನ್ನು ಬೆಳಕಿಗೆ ಹಿಡಿದು ನೋಡಿದಾಗ ಫ್ರಾಂಕ್ಲಿನ್ ಚಿತ್ರದ ಭುಜದ ಮೇಲೆ ಬೆರಳಗಲದ ಕೆಂಪು ಕಲೆ, ಅಂಚಿನುದ್ದಕ್ಕೂ ಎಣ್ಣೆಯ ಜಿಡ್ಡು, ನಡುವೆ ನಾಲ್ಕು ಮಡಿಕೆ ಮಾಡಿ ವರ್ಷಗಟ್ಟಲೆ ಒತ್ತಿಟ್ಟು ಬಿಳಿಚಿದ ಗೆರೆ. ಅದನ್ನು ತಂದಿದ್ದ ತಾಯಿ, "ದೇವರ ಮುಂದ ಇಟ್ಟಿದ್ದು ಸಾರ್, ಚೊಲೋ ನೋಟು" ಅಂದರು. ಅವರ ಮಾತು ಸುಳ್ಳಲ್ಲ. ಆದರೂ ಕಲೆ ಬಿದ್ದ ನೋಟು ನಮ್ಮಿಂದ ಮುಂದಕ್ಕೆ ಹೋಗುವುದಿಲ್ಲ, ಹೊರದೇಶದ ಬ್ಯಾಂಕು ಅದನ್ನು ನಮ್ಮಿಂದ ತೆಗೆದುಕೊಳ್ಳುವುದಿಲ್ಲ. ನಮ್ಮ ಹರಿದ ಹತ್ತರ ನೋಟನ್ನು ಯಾವುದೇ ಬ್ಯಾಂಕಿನಲ್ಲಿ ಬದಲಿಸಬಹುದು, ಪರದೇಶದ ನೋಟಿಗೆ ಇಲ್ಲಿ ಆ ಸೌಕರ್ಯವಿಲ್ಲ. ಪೆನ್ನಿನಲ್ಲಿ ಲೆಕ್ಕ ಬರೆಯುವುದು, ಪಿನ್ನು ಚುಚ್ಚುವುದು, ಗುಳಿಗೆ ಡಬ್ಬಿಯಲ್ಲಿ ಸುರುಳಿ ಸುತ್ತಿಡುವುದು, ಎಲ್ಲವೂ ನೋಟಿನ ಆಯುಷ್ಯ ತಿನ್ನುತ್ತವೆ.

ಹೀಗೆ ಯಾರೂ ಕೊಳ್ಳದ ನೋಟು ಕೈಯಲ್ಲಿ ಉಳಿದಾಗಲೇ ಮೋಸಗಾರರ ದಾರಿ ತೆರೆಯುವುದು. "ಹಳೆ ನೋಟು, ಹಳೆ ನಾಣ್ಯಕ್ಕೆ ಲಕ್ಷ ರೂಪಾಯಿ" ಎಂಬ ಜಾಹೀರಾತು ಮೊಬೈಲಿನಲ್ಲಿ ನೋಡಿರುತ್ತೀರಿ. ಮೊದಲು ನೋಂದಣಿಗೆಂದು ಸಾವಿರ ಕಟ್ಟಿಸಿಕೊಳ್ಳುತ್ತಾರೆ, ಆಮೇಲೆ ತೆರಿಗೆ, ಆಮೇಲೆ ಕಮಿಷನ್. ರಿಸರ್ವ್ ಬ್ಯಾಂಕಿನ ಹೆಸರು, ಮುದ್ರೆಯನ್ನೂ ಬಳಸುತ್ತಾರೆ. 2021ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕೇ ಪ್ರಕಟಣೆ ಹೊರಡಿಸಿ, ತಾನು ಇಂಥ ವ್ಯವಹಾರದಲ್ಲಿಲ್ಲ, ಯಾರಿಗೂ ಶುಲ್ಕ ವಸೂಲಿಗೆ ಅಧಿಕಾರ ಕೊಟ್ಟಿಲ್ಲ ಎಂದು ಹೇಳಿತು. ಇನ್ನೊಂದು ಬಗೆಯ ಮೋಸ ಬಸ್ ಸ್ಟ್ಯಾಂಡಿನಲ್ಲಿ ಶುರುವಾಗುತ್ತದೆ. ಬಡವನಂತೆ ಕಾಣುವವನೊಬ್ಬ ಒಂದು ದಿರ್ಹಮ್ ನೋಟು ತೋರಿಸಿ, ಇಂಥವು ಕಂತೆಗಟ್ಟಲೆ ಸಿಕ್ಕಿವೆ, ಬದಲಿಸಲು ಬರುವುದಿಲ್ಲ, ಅರ್ಧ ಬೆಲೆಗೆ ಕೊಡುತ್ತೇನೆ ಅನ್ನುತ್ತಾನೆ. ತೋರಿಸಿದ್ದು ಅಸಲಿ ನೋಟೇ. ದುಡ್ಡು ಕೊಟ್ಟಾದ ಮೇಲೆ ಕೈಗೆ ಬರುವ ಗಂಟಿನಲ್ಲಿ ಮೇಲೆ ಒಂದು ನೋಟು, ಒಳಗೆಲ್ಲ ನ್ಯೂಸ್‌ಪೇಪರು. ಇದಕ್ಕೆ ಬಲಿಯಾಗುವವರು ವಿದೇಶಿ ನೋಟನ್ನು ಮನೆಯಲ್ಲಿ ಕಂಡು ಅದರ ಬೆಲೆ ಅರಿತವರೇ ಎಂಬುದು ದುಃಖದ ಸಂಗತಿ.

ಗುರುತಿನವರ ವ್ಯವಹಾರದಲ್ಲೂ ಎಚ್ಚರವಿರಲಿ. "ನಮ್ಮ ಅಳಿಯ ಮುಂದಿನ ತಿಂಗಳು ದುಬೈಗೆ ಹೊಂಟಾನ, ಅವಗ ಕೊಟ್ಟು ರೂಪಾಯಿ ತಗೊಂಡ್ರಾತು" ಎಂಬುದು ನಮ್ಮಲ್ಲಿ ಸಹಜವಾದ ಮಾತು. ಆದರೆ ಫೆಮಾದ ಪ್ರಕಾರ ವಿದೇಶಿ ಹಣದ ಕೊಡುಕೊಳ್ಳುವಿಕೆ ನಡೆಯಬೇಕಾದದ್ದು ಅಧಿಕೃತ ಬ್ಯಾಂಕು, ಮನಿ ಚೇಂಜರುಗಳ ಮೂಲಕ. ಅಳಿಯನಾದರೂ ಅಧಿಕೃತನಲ್ಲ. ಹೆಚ್ಚಿನ ದರ ಕೊಡುತ್ತೇನೆಂದು ಗಲ್ಲಿಯಲ್ಲಿ ರಸೀದಿಯಿಲ್ಲದೆ ಕೊಳ್ಳುವವನ ಹತ್ತಿರ ಹೋಗಲೇಬೇಡಿ. ಆ ದುಡ್ಡು ಹವಾಲಾದ ಯಾವ ಕೈಗೆ ಹೋಗುತ್ತದೋ, ನಾಳೆ ವಿಚಾರಣೆಗೆ ನಿಮ್ಮ ಹೆಸರು ಬಂದರೆ ತೋರಿಸಲು ನಿಮ್ಮ ಹತ್ತಿರ ಒಂದು ಚೀಟಿಯೂ ಇರುವುದಿಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಹೋಗುವ ಮುಂಚೆಯೇ ನೋಟು ಕಡಿಮೆ ಒಯ್ಯಿರಿ, ಉಳಿದದ್ದನ್ನು ಫಾರೆಕ್ಸ್ ಕಾರ್ಡಿಗೆ ಹಾಕಿಸಿ. ಬಂದ ಮೇಲೆ ಕಾರ್ಡನ್ನೂ ಮರೆಯಬೇಡಿ, ಬಳಸದೆ ಬಿಟ್ಟರೆ ಕೆಲವು ಕಾರ್ಡುಗಳಲ್ಲಿ ಶುಲ್ಕ ಕಡಿಯುತ್ತಾ ಹೋಗುತ್ತಾರೆ. ಉಳಿಕೆಯನ್ನು ನಿಮ್ಮ ಖಾತೆಗೆ ಹಿಂತಿರುಗಿಸಲು ಬ್ಯಾಂಕಿಗೆ ಬರೆದುಕೊಡಿ. ನಾಣ್ಯವನ್ನು ಆ ದೇಶದ ವಿಮಾನ ನಿಲ್ದಾಣದಲ್ಲೇ ಖರ್ಚು ಮಾಡಿ ಮುಗಿಸಿ, ಇಲ್ಲಿನ ಕೌಂಟರುಗಳಲ್ಲಿ ಸಾಮಾನ್ಯವಾಗಿ ನಾಣ್ಯ ತೆಗೆದುಕೊಳ್ಳುವುದಿಲ್ಲ. ಪಶುಪತಿನಾಥನ ದರ್ಶನಕ್ಕೆ ಹೋದವರು ನೇಪಾಳಿ ದುಡ್ಡನ್ನು ಸೋನೌಲಿ, ರಕ್ಸೌಲ್ ಗಡಿಯಲ್ಲೇ ಬದಲಿಸಿಬಿಡಿ, ಬಳ್ಳಾರಿಯವರೆಗೆ ತಂದರೆ ಕೇಳುವವರಿಲ್ಲ.

ಸಿರುಗುಪ್ಪ, ಕುರುಗೋಡಿನವರಿಗೆ ಒಂದು ಮಾತು ಹೆಚ್ಚು. ಬ್ಯಾಂಕಿನ ಎಲ್ಲ ಶಾಖೆಗೂ ವಿದೇಶಿ ನೋಟು ಕೊಳ್ಳುವ ಅಧಿಕಾರವಿರುವುದಿಲ್ಲ. ಊರಿನ ಶಾಖೆಯಲ್ಲಿ ಇಲ್ಲ ಅಂದರೆ ಅದು ಅವರ ಉಡಾಫೆಯಲ್ಲ, ಬೇಸರ ಮಾಡಿಕೊಂಡು ನೋಟನ್ನು ಮತ್ತೆ ಬೀರುವಿಗೆ ಸೇರಿಸಬೇಡಿ. ನಿಮ್ಮ ಬ್ಯಾಂಕಿನ ಯಾವ ಶಾಖೆಯಲ್ಲಿ ವಿದೇಶಿ ವಿನಿಮಯ ವಿಭಾಗವಿದೆ ಎಂದು ಮ್ಯಾನೇಜರರನ್ನು ಕೇಳಿ, ಮುಂದಿನ ಸಲ ಬಳ್ಳಾರಿಗೋ ಬೆಂಗಳೂರಿಗೋ ಕೆಲಸದ ಮೇಲೆ ಹೋದಾಗ ಪಾಸ್‌ಪೋರ್ಟು, ಪ್ಯಾನ್ ಕಾರ್ಡು ಜೊತೆಗಿಟ್ಟುಕೊಂಡು ಹೋಗಿ. ಮನಿ ಚೇಂಜರ್ ಅಂಗಡಿಯಾದರೆ ರಿಸರ್ವ್ ಬ್ಯಾಂಕಿನ ಪರವಾನಗಿ ಪತ್ರ ಗೋಡೆಯ ಮೇಲಿದೆಯೇ ನೋಡಿ. ಎರಡು ಕಡೆ ದರ ಕೇಳಿ, ವಿಮಾನ ನಿಲ್ದಾಣದ ದರಕ್ಕಿಂತ ಊರೊಳಗಿನದು ಸಾಮಾನ್ಯವಾಗಿ ವಾಸಿ. ಬದಲಿಸುವಾಗ ಜಿಎಸ್‌ಟಿ ಎಂದು ಕನಿಷ್ಠ 45 ರೂಪಾಯಿ ಹಿಡಿಯುತ್ತಾರೆ, ಆದ್ದರಿಂದ ಐದು ಹತ್ತು ಡಾಲರಿಗೆ ಬೇರೆ ಬೇರೆ ಸಲ ಹೋಗದೆ ಒಬ್ಬೊಬ್ಬರೂ ತಮ್ಮದನ್ನೆಲ್ಲ ಒಂದೇ ಸಲ ಬದಲಿಸಿ, ಯಾರ ನೋಟು ಅವರ ಹೆಸರಿನಲ್ಲೇ ಬದಲಾಗಲಿ. ಪದೇ ಪದೇ ಹೊರಗೆ ಹೋಗುವವರಾದರೆ ಆರ್‌ಎಫ್‌ಸಿ ಡೊಮೆಸ್ಟಿಕ್ ಎಂಬ ಖಾತೆ ತೆರೆದು ಉಳಿದ ಡಾಲರನ್ನು ಅದಕ್ಕೆ ಕಟ್ಟಬಹುದು. ಬಡ್ಡಿ ಬರುವುದಿಲ್ಲ, ಆದರೆ ಲೆಕ್ಕ ಶುದ್ಧವಾಗಿರುತ್ತದೆ.

ಕೊನೆಯದಾಗಿ ಹೊರದೇಶದಲ್ಲಿರುವ ಮಕ್ಕಳಿಗೆ. ತಂದೆ ತಾಯಿ ಬಂದು ಹೊರಡುವಾಗ ಪ್ರೀತಿಯಿಂದ ಅವರ ಕೈಯಲ್ಲಿ ನಾಲ್ಕು ನೋಟು ಇಡುತ್ತೀರಿ. ಅವರು ಅದನ್ನು ಖರ್ಚು ಮಾಡುವುದಿಲ್ಲ, ಮಗ ಕೊಟ್ಟದ್ದು, ಮಗಳು ಕೊಟ್ಟದ್ದು ಎಂದು ಸೀರೆಯ ಮಡಿಕೆಯಲ್ಲಿಟ್ಟು ಆಗಾಗ ತೆಗೆದು ನೋಡುತ್ತಾರೆ. ಅವರು ಹೋದಮೇಲೆ ಆ ನೋಟು ಸಿಕ್ಕಾಗ ಅದು ಎಲ್ಲಿಂದ ಬಂತು, ಯಾವಾಗ ಬಂತು ಎಂದು ಹೇಳುವವರೇ ಇರುವುದಿಲ್ಲ. ಅವರ ಕೈಗೆ ನೋಟು ಕೊಡುವ ಬದಲು ಅವರ ಬ್ಯಾಂಕ್ ಖಾತೆಗೆ ರೂಪಾಯಿಯಾಗಿ ಕಳಿಸಿ. ಮುಂದಿನ ರಜೆಗೆ ಊರಿಗೆ ಬಂದಾಗ ಅವರ ಜೊತೆ ಕೂತು ಬೀರು ತೆಗೆಸಿ, ಇರುವ ನೋಟನ್ನೆಲ್ಲ ಒಂದು ಕಾಗದದಲ್ಲಿ ಬರೆದುಕೊಳ್ಳಿ, ನೀವೇ ಅವರನ್ನು ಕರೆದುಕೊಂಡು ಬ್ಯಾಂಕಿಗೆ ಹೋಗಿ ಬದಲಿಸಿಕೊಟ್ಟು ಬನ್ನಿ.